ನಡುವೆ ಒಂದು ಕುರ್ಚಿ

ಈಗ ನಮ್ಮ ಮನೆಯ ಟಿ.ವಿ.ಯಲ್ಲಿ ವಾರಕ್ಕೊಮ್ಮೆ ಒಂದು ಹಾಸ್ಯ ಧಾರಾವಾಹಿ ಬರುತ್ತದೆ. ಅದರಲ್ಲೊಂದು ಆಫೀಸು, ಆಫೀಸಿನಲ್ಲೊಬ್ಬ ಮ್ಯಾನೇಜರ್, ಅವನಿಗೊಬ್ಬಳು ಸ್ಟೆನೋ. ಶುರುವಾದಾಗಿನಿಂದ ನೋಡುತ್ತಿದ್ದೇನೆ, ಆ ಹುಡುಗಿ ಇನ್ನೂ ಒಂದು ಕಾಗದ ಟೈಪ್ ಮಾಡಿಲ್ಲ. ಕಾಫಿ ತರುತ್ತಾಳೆ, ಫೈಲು ಬೀಳಿಸುತ್ತಾಳೆ, ಬಗ್ಗಿ ಎತ್ತಿಕೊಳ್ಳುತ್ತಾಳೆ. ಮ್ಯಾನೇಜರ್ ಏನೋ ಅನ್ನುತ್ತಾನೆ, ಎಲ್ಲಿಂದಲೋ ಜನ ಗೊಳ್ಳೆಂದು ನಗುತ್ತಾರೆ. ಆ ನಗುವನ್ನು ಅವರೇ ಮೊದಲೇ ತುಂಬಿಸಿ ಇಟ್ಟುಕೊಂಡಿರುತ್ತಾರಂತೆ. ಎಲ್ಲಿ ನಗಬೇಕೆಂದು ನಾವು ತಲೆ ಕೆಡಿಸಿಕೊಳ್ಳುವ ತಾಪತ್ರಯವಿಲ್ಲ. ನನಗೆ ಮಾತ್ರ ಬೇರೆಯದೇ ಚಿಂತೆ: ಅಷ್ಟು ಕಾಗದ ಬಾಕಿ ಬಿದ್ದಿರುತ್ತದಲ್ಲ, ಇವಳು ಯಾವಾಗ ಮುಗಿಸುತ್ತಾಳೆ?

"ಅಮ್ಮಾ, ಅದು ಸೀರಿಯಲ್ಲು ಕಣಮ್ಮಾ" ಅನ್ನುತ್ತಾಳೆ ಮಗಳು.

ನನಗೂ ಗೊತ್ತು. ಆದರೆ ಇದೇ ಸ್ಟೆನೋ ಹುಡುಗಿಯನ್ನು ನಾನು ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೋಡಿದ್ದೆ. ಆಗ ಅವಳಿಗೆ ಮೀಸೆ ಇತ್ತು.

ಕರೆಂಟಿನ ಸ್ವಿಚ್ಚು ತಯಾರಿಸುವ ಕಾರ್ಖಾನೆ ಅದು. ನಾನು ಅಲ್ಲಿ ಸ್ಟೆನೋ ಆಗಿ ಸೇರಿ ಕೆಲವು ತಿಂಗಳಾಗಿತ್ತು, ಇನ್ನೂ ಪ್ರೊಬೇಶನ್ನಿನಲ್ಲಿದ್ದೆ. ವಿಜಯನಗರದ ಮನೆಯಲ್ಲಿ ಅಪ್ಪ ಕಣ್ಣು ಮಂಜಾಗಿ ಪ್ರೆಸ್ಸಿನ ಕೆಲಸ ಬಿಟ್ಟು ಕುಳಿತಿದ್ದರು. ತಮ್ಮ ಇನ್ನೂ ಓದುತ್ತಿದ್ದ. ಹಾಗಾಗಿ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅಪ್ಪನ ಪ್ರಶ್ನೆ ಬಾಗಿಲಿಗೆ ಬಂದು ನಿಂತಿರುತ್ತಿತ್ತು: "ಕನ್ಫರ್ಮ್ ಮಾಡಿದ್ರೇನಮ್ಮಾ?" ನಾನೋ ಮೊದಲೇ ಚಿಂತೆಯ ಪ್ರಾಣಿ. ಸ್ಟೌವ್ ಆರಿಸಿದೆನೋ ಇಲ್ಲವೋ ಎಂದು ಮಾಗಡಿ ರಸ್ತೆಯಿಂದ ವಾಪಸು ಓಡಿ ಬಂದು ನೋಡಿದರೆ, ಅಮ್ಮ ಅದರ ಮೇಲೆ ಸಾರು ಕುದಿಸುತ್ತಾ ನಿಂತಿರುತ್ತಿದ್ದಳು. ಇಂಥವಳಿಗೆ ಕೆಲಸ ಖಾಯಂ ಆಗುವುದು ಒಬ್ಬರ ಒಂದು ಸಹಿಯ ಮೇಲೆ ನಿಂತಿದೆ ಎಂದರೆ ನಿದ್ದೆ ಎಲ್ಲಿಂದ ಬರಬೇಕು?

ಆ ಸಹಿ ಹಾಕಬೇಕಾದವರು ವರ್ಕ್ಸ್ ಮ್ಯಾನೇಜರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರನ್ನು ಕೆಟ್ಟವರು ಎಂದು ಹೇಳಿಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಕಾರ್ಮಿಕರ ಮಕ್ಕಳಿಗೆ ಜ್ವರ ಬಂದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕಳಿಸುವ ಮನುಷ್ಯ ಅವರು. ನನ್ನ ಅಪ್ಪನ ಕಣ್ಣಿಗೆ ಯಾವ ಡಾಕ್ಟರು ಒಳ್ಳೆಯವರು ಎಂದು ತಾವೇ ವಿಚಾರಿಸಿ ಹೇಳಿದ್ದರು. ಅವರದೊಂದೇ ಅಭ್ಯಾಸ. ಡಿಕ್ಟೇಶನ್ ಕೊಡುತ್ತಾ ಎದ್ದು ಓಡಾಡುವರು, ಓಡಾಡುತ್ತಾ ನನ್ನ ಪಕ್ಕಕ್ಕೆ ಬಂದು ನಿಲ್ಲುವರು. ಟೈಪ್ ಮಾಡುವಾಗ ಹಿಂದಿನಿಂದ ಬಂದು, ಹೆಗಲ ಮೇಲಿಂದ ಬಾಗಿ, "ಇಲ್ಲೊಂದು ಕಾಮಾ ಹಾಕಮ್ಮಾ" ಎಂದು ಬೆರಳಿಟ್ಟು ತೋರಿಸುವರು. ಇನ್ನೊಂದು ಕೈ ಕುರ್ಚಿಯ ಬೆನ್ನಿನ ಮೇಲಿರುತ್ತಿತ್ತು. ಕೆಲವು ಸಲ ಕುರ್ಚಿ ಎಲ್ಲಿ ಮುಗಿಯುತ್ತದೆ ಎಂದು ಆ ಕೈಗೆ ತಿಳಿಯುತ್ತಿರಲಿಲ್ಲ. ಯಾರ ಹತ್ತಿರ ಹೇಳುವುದು? ಏನೆಂದು ಹೇಳುವುದು? ಕಾಮಾ ತೋರಿಸಿದರು ಅಂತಲೇ?

ಪ್ರತಿ ನವೆಂಬರಿನಲ್ಲಿ ನಮ್ಮ ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಂದು ನಾಟಕ ಆಡುತ್ತಿದ್ದರು. ಆ ವರ್ಷದ್ದನ್ನು ಬರೆದವರು ನಮ್ಮ ಸ್ಟೋರ್ ಕೀಪರು. ಮ್ಯಾನೇಜರ್, ಅವನ ಸಂಶಯದ ಹೆಂಡತಿ, ಅವನ ಸ್ಟೆನೋ: ಇಷ್ಟೇ ಕತೆ. ಮ್ಯಾನೇಜರ್ ಪಾತ್ರ ಸಾಹೇಬರದೇ. ಅವರಿರುವಾಗ ಇನ್ಯಾರು ಕೇಳುವ ಧೈರ್ಯ ಮಾಡುತ್ತಾರೆ? ಹೆಣ್ಣು ಪಾತ್ರಕ್ಕೆ ಕಾರ್ಖಾನೆಯ ಹೆಂಗಸರು ಯಾರೂ ಒಪ್ಪುತ್ತಿರಲಿಲ್ಲ. ಹೊರಗಿನಿಂದ ಕರೆಸಬೇಕಿದ್ದ ನಟಿ ಅದೇ ದಿನ ಇನ್ನೊಂದು ಕಾರ್ಖಾನೆಯ ನಾಟಕಕ್ಕೆ ಒಪ್ಪಿಕೊಂಡಿದ್ದಳು. ಹೀಗಾಗಿ ಸ್ಟೆನೋ ಪಾತ್ರ ಬಿದ್ದದ್ದು ಲೇತ್ ಮೆಷಿನ್ನಿನ ಒಬ್ಬ ಟರ್ನರನ ಮೇಲೆ. ಸಣಕಲು ಮೈ, ಒಳ್ಳೆಯ ಕಂಠ. ಮೀಸೆಯ ಮೇಲೆ ಅವನಿಗೆ ಬಲು ಮೋಹ. ನಾಟಕದ ದಿನ ಬೆಳಿಗ್ಗೆಯವರೆಗೂ ತೆಗೆಯುವುದಿಲ್ಲ ಎಂದು ಷರತ್ತು ಹಾಕಿದ್ದ.

ಹಿಂದಿನ ವರ್ಷ ಅವನು ಹೆಣ್ಣು ವೇಷ ಹಾಕಿದಾಗ ಯಾರೋ "ಲಾರಿ ಡ್ರೈವರ್ ಬಂದ್ನಪ್ಪೋ" ಎಂದು ಕೂಗಿದ್ದರಂತೆ. ಅವನ ಹೆಂಡತಿಯೂ ನಕ್ಕಳಂತೆ. ಅದು ಅವನ ಮನಸ್ಸಿಗೆ ಬಹಳ ನಾಟಿತ್ತು. ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಮೇಡಂ, ಒಂದ್ ಉಪಕಾರ ಆಗ್ಬೇಕು. ಸ್ಟೆನೋ ಅಂದ್ರೆ ಹೆಂಗಿರ್ತಾರೆ ಅಂತ ಸ್ವಲ್ಪ ನೋಡ್ಕೋಬೇಕಿತ್ತು."

"ನೋಡ್ತಾನೇ ಇದೀರಲ್ಲ."

"ಹಂಗಲ್ಲ ಮೇಡಂ. ಕೆಲ್ಸ ಮಾಡೋವಾಗ. ಕಿಟಕಿ ಆಚೆ ನಿಂತ್ಕೊಂಡು ಟೀ ಕುಡೀತೀನಿ ಅಷ್ಟೇ."

ಅವನು ನಿಂತ, ಟೀ ಕುಡಿದ. ಟೈಪಿಗೆಂದು ನನ್ನ ಮೇಜಿಗೆ ಬಂದಿದ್ದ ನಾಟಕದ ಪ್ರತಿಯನ್ನು ನಾನು ಅಷ್ಟರಲ್ಲಿ ಓದಿ ಮುಗಿಸಿದ್ದೆ. ಅದರಲ್ಲಿ ಸ್ಟೆನೋ ಸೊಂಟ ಬಳುಕಿಸಿ ಬರಬೇಕು, ಮ್ಯಾನೇಜರ್ ಕೈ ಹಿಡಿಯಬೇಕು, ಅವಳು "ಬಿಡಿ ಸಾರ್" ಎಂದು ಕಿಲಕಿಲ ನಗಬೇಕು. ಕೊನೆಯಲ್ಲಿ ಹೆಂಡತಿ ಅವಳನ್ನು ಪೊರಕೆ ಹಿಡಿದು ಓಡಿಸಬೇಕು. ಕೈ ಹಿಡಿದವನಿಗೆ ಏನೂ ಇಲ್ಲ. ಅವನು ಹೆಂಡತಿಗೆ ಮಲ್ಲಿಗೆ ತಂದುಕೊಟ್ಟರೆ ಮಂಗಳ. ಸ್ಟೆನೋಗೆ ಅಪ್ಪನಿಲ್ಲ, ಬಸ್ಸಿಲ್ಲ, ಟೈಪ್‌ರೈಟರ್ ಕೂಡ ಇಲ್ಲ. ನಗುವುದಕ್ಕೆ ಒಬ್ಬಳು, ಬೈಯುವುದಕ್ಕೂ ಅವಳೇ. ಇಷ್ಟನ್ನೂ ಓದಿ ನನಗೆ ಸಿಟ್ಟು ಬಂತು ಎಂದು ಬರೆಯಬಹುದು. ನಿಜವಾಗಿ ಬಂದದ್ದು, ಜನ ನನ್ನನ್ನೂ ಹೀಗೇ ಅಂದುಕೊಂಡರೆ ಎಂಬ ಚಿಂತೆ.

ಕೆಲವು ದಿನದ ಮೇಲೆ ಟರ್ನರ್ ಮತ್ತೆ ಬಂದ.

"ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ ಮೇಡಂ. ಕ್ಯಾಂಟೀನಿಗೆ ಬರೋವಾಗ ಕೈ ಬೀಸ್ಕೊಂಡು ಬರ್ತೀರಾ. ಸಾಹೇಬ್ರ ರೂಮಿಗೆ ಹೋಗೋವಾಗ ಮಾತ್ರ ಆ ಶಾರ್ಟ್‌ಹ್ಯಾಂಡ್ ಪ್ಯಾಡನ್ನ ಮಗು ಎತ್ಕೊಂಡಂಗೆ ಎದೆಗೆ ಅಪ್ಪಿಕೊಳ್ತೀರಲ್ಲ, ಯಾಕೆ?"

"ಅಭ್ಯಾಸ."

"ಬಾಗ್ಲು ಮುಚ್ಚಲ್ಲ. ಕುರ್ಚೀನ ಬಾಗ್ಲ ಕಡೆಗೆ ಎಳ್ಕೊಂಡು ಕೂತ್ಕೊಳ್ತೀರಾ. ಸಾಹೇಬ್ರು ಎದ್ರೆ ನೀವೂ ಎದ್ದು ಕುರ್ಚಿ ಹಿಂದೆ ಹೋಗ್ತೀರಾ."

"ದೊಡ್ಡೋರು ಎದ್ದಾಗ ಏಳ್ಬೇಕಲ್ವೇನ್ರೀ. ಮರ್ಯಾದೆ."

ಅವನು ಮೀಸೆ ತೀಡಿದ. "ಮತ್ತೆ ಅಕೌಂಟೆಂಟ್ ಸಾರು ಎದ್ರೆ ಕೂತೇ ಇರ್ತೀರಲ್ಲ? ಅವ್ರು ಇನ್ನೂ ವಯಸ್ಸಾದೋರು."

ನಾನು ಟೈಪ್‌ರೈಟರಿಗೆ ಹೊಸ ಕಾಗದ ತೂರಿಸಿದೆ. ಅವನು ನನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ, ಪಾತ್ರಕ್ಕೆ ಬೇಕಾಗಿತ್ತು, ಕೇಳಿದ. ಆ ಸಂಜೆ ಮನೆಗೆ ನಡೆಯುತ್ತಾ ನನ್ನ ಕೈಕಾಲುಗಳನ್ನು ಯಾರದೋ ಎನ್ನುವಂತೆ ನೋಡಿಕೊಂಡೆ. ಪುಕ್ಕಲುತನ ನನ್ನ ಹುಟ್ಟುಗುಣ ಎಂದುಕೊಂಡಿದ್ದೆ, ಸ್ಟೌವಿನ ಚಿಂತೆಯ ಜೊತೆಗೇ ಬಂದದ್ದು ಎಂದು. ಆದರೆ ಸ್ಟೌವಿನ ಚಿಂತೆ ಎಲ್ಲ ಕಡೆಯೂ ಇರುತ್ತಿತ್ತು. ಈ ಪ್ಯಾಡು, ಈ ಕುರ್ಚಿ, ಈ ತೆರೆದ ಬಾಗಿಲು ಒಂದೇ ರೂಮಿನಲ್ಲಿ ಇದ್ದವು. ನನಗೆ ಗೊತ್ತಿಲ್ಲದೆ ನನ್ನ ಮೈ ಅಲ್ಲಿ ಒಂದು ಕೋಟೆ ಕಟ್ಟಿಕೊಂಡಿತ್ತು.

ಮರುದಿನ ಅವನು ಕೇಳಿಯೇಬಿಟ್ಟ. "ಸ್ಟೇಜ್ ಮೇಲೆ ಹಂಗೇ ಮಾಡ್ಲಾ ಮೇಡಂ? ಬಳುಕೋದಕ್ಕಿಂತ ಅದೇ ಚೆನ್ನಾಗಿರತ್ತೆ."

"ಅಯ್ಯೋ, ಬೇಡ! ನನ್ನ ಕನ್ಫರ್ಮೇಶನ್ನಿಗೆ ಸಾಹೇಬ್ರು ಇನ್ನೂ ಸಹಿ ಹಾಕಿಲ್ಲ."

"ನಿಮ್ ಹೆಸ್ರು ಎಲ್ಲೂ ಬರಲ್ಲ."

"ಇಡೀ ಫ್ಯಾಕ್ಟರಿಗೆ ಇರೋಳೇ ಒಬ್ಬಳು ಸ್ಟೆನೋ ಕಣ್ರೀ! ಹೆಸರು ಬೇರೆ ಬೇಕಾ?"

ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ಸಂಜೆ ಕ್ಯಾಂಟೀನಿನಲ್ಲಿ ರಿಹರ್ಸಲ್. ಅಸೆಂಬ್ಲಿ ಸೆಕ್ಷನ್ನಿನ ಹೆಂಗಸರು ಶಿಫ್ಟ್ ಮುಗಿಸಿ, ಸ್ವೆಟರು ಹೆಣೆಯುತ್ತಾ ನೋಡುತ್ತಿದ್ದರು. ಟರ್ನರ್ ಮೀಸೆ ಸಮೇತ ಬಳುಕಿ ಬಂದ. ಲಗ್ಗೆರೆಯಿಂದ ದಿನಾ ಬರುತ್ತಿದ್ದ, ಅವರಲ್ಲೆಲ್ಲ ಹಿರಿಯಳಾದ ಒಬ್ಬ ಅಕ್ಕ ಹೆಣಿಗೆ ನಿಲ್ಲಿಸಿದಳು.

"ಥೂ, ಅದೇನ್ ನಡಿಗೇನೋ? ಕೆಲ್ಸಕ್ಕೆ ಹೋಗೋಳು ಹಂಗ್ ನಡುದ್ರೆ ಬಸ್ ಸಿಕ್ತದೇನೋ?"

ಹೆಂಗಸರು ನಕ್ಕರು. ಗಂಡಸರಿಗೆ ಅದರಲ್ಲಿ ನಗುವುದೇನಿದೆ ಎಂದು ತಿಳಿಯಲಿಲ್ಲ. ಸಾಹೇಬರು ಕೈ ಹಿಡಿಯುವ ದೃಶ್ಯವನ್ನು ಮತ್ತೊಮ್ಮೆ ಮಾಡಿಸಿದರು, ಸರಿಯಾಗಿ ಕೂರಲಿಲ್ಲವಂತೆ.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಟೈಪ್ ಮಾಡುತ್ತಿದ್ದಾಗ ಸಾಹೇಬರು ಹಿಂದಿನಿಂದ ಬಾಗಿ ಒಂದು ಕಾಮಾ ತೋರಿಸಿದರು. ಆ ಜಾಗದಲ್ಲಿ ಕಾಮಾ ಆಗಲೇ ಇತ್ತು.

ಅವರು ಹೋದ ಮೇಲೆ ನಾನು ಎದ್ದು ಲೇತಿನ ಕಡೆಗೆ ಹೋದೆ. ಆ ಗದ್ದಲದಲ್ಲಿ ಕೂಗಿಯೇ ಹೇಳಬೇಕಾಯಿತು. "ಪ್ಯಾಡ್ ಹಿಡಿಯೋದು ನೀವು ಅಂದ್ಕೊಂಡ ಹಾಗಲ್ಲ. ಮೊಣಕೈ ಆಚೆ ಬರ್ಬೇಕು. ಹೀಗೆ."

ಟರ್ನರ್ ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದ.

"ಮತ್ತೆ ಕುರ್ಚಿ ಸ್ವಲ್ಪ ಭಾರದ್ದೇ ಇಟ್ಕೊಳ್ಳಿ" ಅಂದೆ.

ಹೇಳಿ ವಾಪಸು ಬರುವಷ್ಟರಲ್ಲೇ ಚಿಂತೆ ಶುರುವಾಗಿತ್ತು. ಅವನನ್ನು ಕರೆದು ಬೇಡ ಎನ್ನಬೇಕೆಂದು ಎಷ್ಟೋ ಸಲ ಎದ್ದೆ, ಎಷ್ಟೋ ಸಲ ಕೂತೆ. ರಿಹರ್ಸಲ್ಲಿನಲ್ಲಿ ಅವನು ಸಾಹೇಬರ ಎದುರು ಮೊದಲಿನಂತೆಯೇ ಬಳುಕುತ್ತಿದ್ದ. ಬಹುಶಃ ಮನಸ್ಸು ಬದಲಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವೂ ಪೂರ್ತಿ ಆಗಲಿಲ್ಲ. ಬದಲಿಸಿದ್ದರೆ ಬೇಜಾರಾಗುತ್ತದೆ ಎಂದೂ ಅನ್ನಿಸುತ್ತಿತ್ತು.

ನಾಟಕದ ದಿನ ಕಾರ್ಖಾನೆಯ ಮೈದಾನದಲ್ಲಿ ಶಾಮಿಯಾನ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಪರದೆ ಸರಿದು ಮ್ಯಾನೇಜರ್ ಬಜರ್ ಒತ್ತಿದ. ಸ್ಟೆನೋ ಬಂದಳು. ಮೀಸೆ ಇಲ್ಲ, ಬಳುಕು ಇಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಪಿನ್ನು ಚುಚ್ಚಿದ ಸೆರಗು, ಎದೆಗೆ ಅಡ್ಡ ಹಿಡಿದ ಪ್ಯಾಡು. ಬಾಗಿಲು ತೆರೆದೇ ಇಟ್ಟಳು. ಕುರ್ಚಿಯನ್ನು ಕರಕರ ಎಳೆದು ಬಾಗಿಲ ಕಡೆ ಹಾಕಿಕೊಂಡಳು.

ಎಡಗಡೆಯಿಂದ ಯಾರೋ "ಅಯ್ಯಯ್ಯೋ" ಅಂದರು.

"ಹತ್ರ ಬಾ, ಡಿಕ್ಟೇಶನ್ ತಗೋ" ಎಂದು ಮ್ಯಾನೇಜರ್ ಎದ್ದ. ಸ್ಟೆನೋ ಎದ್ದು ಕುರ್ಚಿಯ ಹಿಂದೆ ಹೋದಳು. ಅವನು ಎಡಕ್ಕೆ ಬಂದರೆ ಇವಳು ಬಲಕ್ಕೆ, ಪೆನ್ಸಿಲ್ ಓಡುತ್ತಲೇ ಇದೆ. ಅವನು ಬಲಕ್ಕೆ ಬಂದರೆ ಇವಳು ಎಡಕ್ಕೆ. ಹೆಂಗಸರ ಕಡೆ ನಗು ಸಣ್ಣಗೆ ಶುರುವಾಗಿ ಶಾಮಿಯಾನದ ಕೊನೆಯವರೆಗೆ ಹೊತ್ತಿಕೊಂಡಿತು. ಅಷ್ಟು ಜೋರಾಗಿ ಆ ಹೆಂಗಸರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಸೂಪರ್‌ವೈಸರ್ ಬಂದಾಗ ಸ್ವಿಚ್ಚಿನ ಟ್ರೇಯನ್ನು ತೊಡೆಯ ಮೇಲೆ ಎಳೆದುಕೊಳ್ಳುವವರು, ಬಸ್ಸಿನಲ್ಲಿ ಟಿಫನ್ ಕ್ಯಾರಿಯರನ್ನು ಪಕ್ಕಕ್ಕೆ ಅಡ್ಡ ಹಿಡಿಯುವವರು, ಎಲ್ಲರೂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಗಂಡಸರು ನಾಟಕ ಬಿಟ್ಟು ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ಸ್ಟೋರ್ ಕೀಪರು ಬರೆದ ನಗು ಆ ಹುಡುಗಿಯ ಮೇಲೆ ಬೀಳಬೇಕಾಗಿತ್ತು. ಈ ನಗು ಅವಳ ಪಕ್ಕದಲ್ಲಿ ಹೋಗಿ ನಿಂತಿತ್ತು.

"ಕುರ್ಚಿ ಬಿಡ್ಬೇಡ ಕಣೇ!" ಎಂದು ಲಗ್ಗೆರೆಯ ಅಕ್ಕ ಕೂಗಿದಳು.

ಸಾಹೇಬರು ಸ್ಟೇಜಿನ ನಡುವೆ ನಿಂತುಬಿಟ್ಟರು. ಮುಂದಿನ ಮಾತು ಮರೆತಿತ್ತು. ಪರದೆಯ ಹಿಂದಿನಿಂದ ಸ್ಟೋರ್ ಕೀಪರು ಅದನ್ನು ಹೇಳಿಕೊಡುತ್ತಲೇ ಇದ್ದರು, ಕೊನೆಗೆ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ನಾನು ನಗಲಿಲ್ಲ. ವ್ಯಾನಿಟಿ ಬ್ಯಾಗನ್ನು ಎದೆಗೆ ಅಪ್ಪಿಕೊಂಡು, ಅಪ್ಪನಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ.

ರಜೆ ಕಳೆದು ಕೆಲಸಕ್ಕೆ ಹೋದ ಬೆಳಿಗ್ಗೆ ಬಜರ್ ಕೂಗಿತು. ಒಳಗೆ ಹೋದೆ. ಎಂದಿನಂತೆ ಕುರ್ಚಿ ಎಳೆದುಕೊಂಡೆ. ಆ ಶಬ್ದ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಸಾಹೇಬರು ಅಭ್ಯಾಸಬಲದಿಂದ ಎದ್ದರು. ನಾನೂ ಎದ್ದು ಕುರ್ಚಿಯ ಹಿಂದೆ ನಿಂತೆ. ಇಬ್ಬರಿಗೂ ಅದು ಒಟ್ಟಿಗೇ ಕಂಡಿತು.

"ಆ ಟರ್ನರ್ ಚೆನ್ನಾಗ್ ಮಾಡ್ದ, ಅಲ್ವೇನಮ್ಮಾ" ಅಂದರು.

"ಹೌದು ಸಾರ್."

"ಯಾರ್ ಹೇಳ್ಕೊಟ್ರೋ ಅವನಿಗೆ."

ಧೈರ್ಯವಂತರು ಇಂಥ ಕಡೆ ಸುಳ್ಳು ಹೇಳಿ ಪಾರಾಗುತ್ತಾರೆ. ಹೆದರಿದಾಗ ನನ್ನ ಬಾಯಿಗೆ ನಿಜ ಮಾತ್ರ ಬರುತ್ತದೆ, ಸುಳ್ಳು ಕಟ್ಟುವಷ್ಟು ನೆಮ್ಮದಿ ನನಗೆಲ್ಲಿ?

"ನಾನೇ ಸಾರ್" ಅಂದೆ.

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಯಾರೂ ಟೀ ಕುಡಿಯುತ್ತಿರಲಿಲ್ಲ. ಕುತ್ತಿಗೆ ಕೆಂಪಾಗಿತ್ತು, ಸಿಟ್ಟೋ ನಾಚಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು.

"ಕೂತ್ಕೋಮ್ಮಾ. ಬರ್ಕೋ."

ಕುಳಿತಲ್ಲಿಂದಲೇ ಹೇಳಿದರು. ಓಡಾಟವಿಲ್ಲದೆ ಅವರಿಗೆ ವಾಕ್ಯಗಳು ಸಲೀಸಾಗಿ ಬರುತ್ತಿರಲಿಲ್ಲ, ಪಾಪ. ಒಂದೊಂದಕ್ಕೂ ಪೇಪರ್‌ವೇಯ್ಟ್ ತಿರುಗಿಸುತ್ತಿದ್ದರು. ನಾನು ಎದ್ದು ಬಾಗಿಲವರೆಗೆ ಬಂದಾಗ ಮತ್ತೆ ಕರೆದರು. ಮುಗಿಯಿತು ನನ್ನ ಕೆಲಸ ಅಂದುಕೊಂಡೆ.

"ಕಾಮಾ ಎಲ್ಲೆಲ್ಲಿ ಬೇಕೋ ನೀನೇ ನೋಡಿ ಹಾಕ್ಕೋ" ಅಂದರು, ತಲೆ ಎತ್ತದೆ.

ಆ ತಿಂಗಳು ಮುಗಿಯುವ ಮೊದಲು ನನ್ನ ಕನ್ಫರ್ಮೇಶನ್ ಕಾಗದವನ್ನೂ ಹಾಗೇ ಕುಳಿತಲ್ಲಿಂದ ಹೇಳಿ ಬರೆಸಿದರು. ಕಾರ್ಖಾನೆಗೆ ಒಬ್ಬಳೇ ಸ್ಟೆನೋ, ಟೈಪ್ ಮಾಡಬೇಕಾದವಳೂ ನಾನೇ. ಹಿಂದೆ ಯಾರೂ ಬಂದು ನಿಲ್ಲಲಿಲ್ಲ. ಟೈಪ್ ಮಾಡಿ ಮುಗಿಸಿ, ಎಲ್ಲಾದರೂ ತಪ್ಪಾಗಿದೆಯೇನೋ ಎಂದು ಮತ್ತೆ ಮತ್ತೆ ಓದಿ, ಕೊನೆಗೆ ಸಹಿಗೆ ಒಳಗೆ ತೆಗೆದುಕೊಂಡು ಹೋದೆ, ಎದೆಗೆ ಅಪ್ಪಿಕೊಂಡೇ.