ಮಂಡಿ ನೋವು, ಮಂಡೆ ನೋವು

ನಮ್ಮ ಶಾಲೆಯ ಪಿಟಿ ಮಾಸ್ತರ್ರು ಸೀಟಿಯನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ನೆಟ್ ಹರಿದರೂ, ಮಳೆ ಬಂದು ಮೈದಾನ ಕೆರೆಯಾದರೂ ಅವರದು ಒಂದೇ ಮಾತು: "ಅಡ್ಡಿಲ್ಲ." ಆದರೆ ಮುಂಬೈಯಿಂದ ಬಂದು ಒಂಬತ್ತನೇ ತರಗತಿಗೆ ಸೇರಿದ ಹುಡುಗಿಗೆ, ಶಾಲೆ ಬದಲಿಸಿದವರು ಈ ವರ್ಷ ತಾಲೂಕು ಥ್ರೋಬಾಲ್ ಆಡುವಂತಿಲ್ಲ ಎಂದು ತಿಳಿಸುವಾಗ ಆ ಮಾತು ಬಾಯಿಂದ ಹೊರಡಲಿಲ್ಲ. ಅವಳು ಊಟ ಬಿಟ್ಟಳು, ಮಾತೂ ಬಿಟ್ಟಳು.

ಒಂದು ಸಂಜೆ ಅವಳು ಮನೆ ಸೇರಲಿಲ್ಲ. ನಾನೂ ಮಾಸ್ತರ್ರೂ ಹುಡುಕುತ್ತಾ ಹೋದರೆ ಮರವಂತೆಯಲ್ಲಿ ಕಡಲ್ಕೊರೆತಕ್ಕೆಂದು ರಸ್ತೆಯ ಕೆಳಗೆ ಹಾಕಿದ ಕಲ್ಲುಗಳ ತುದಿಯಲ್ಲಿ ನಿಂತಿದ್ದಳು. ಅವಳ ಕ್ಲಾಸ್ ಟೀಚರಾದ ನಾನು ರಸ್ತೆಯಲ್ಲೇ ಮರಗಟ್ಟಿದೆ. ಆ ಅಲೆಗಳು ಕಣ್ಣು ಮುಚ್ಚಿದರೆ ಈಗಲೂ ಏಳುತ್ತವೆ. ಮಾಸ್ತರ್ರು ಮಾತ್ರ ಅರ್ಧ ಇಳಿದು ಕುಸಿದು ಕೂತರು.

"ಹ್ವಾಯ್, ಹೆಣ್ಣೇ! ನಂಗ್ ಮಂಡಿ ನೋವ್ ಮಾರಾಯ್ತಿ, ಹತ್ತುಕೇ ಆತಿಲ್ಲ. ಕೈ ಕೊಡ್!"

ಅವಳು ಹತ್ತಿ ಬಂದು ಅವರನ್ನು ಎಳೆದಳು. ಹಿಡಿದ ಕೈಯನ್ನು ಅವರು ಬಿಡಲಿಲ್ಲ.

"ನಂಗ್ ಮಂಡಿ ನೋವ್, ನಿಂಗ್ ಮಂಡೆ ನೋವ್. ನಾಳೆ ಇಬ್ರೂ ಡಾಕ್ಟ್ರ ಹತ್ರ ಹೋಪ. ಅದ್ರಗೆಂತ ನಾಚ್ಕೆ?"

ಅವಳ ತಾಯಿಯನ್ನೂ ಕರೆದುಕೊಂಡು ಹೋದರು. ಆಮೇಲೆ ಸುಳ್ಳು ಬಯಲಾಗಬಾರದೆಂದು ಮಾಸ್ತರ್ರು ಮೈದಾನದಲ್ಲಿ ಕುಂಟುತ್ತಲೇ ಓಡಾಡಿದರು. ಮದ್ದು, ಡಾಕ್ಟರರ ಜೊತೆ ಮಾತುಕತೆ ಎಂದು ಕೆಲವು ವಾರ ಕಳೆದ ಮೇಲೆ ಹುಡುಗಿ ಒಂದು ಬೆಳಿಗ್ಗೆ ಎಲ್ಲರೆದುರು ಬಾಯಿಬಿಟ್ಟಳು:

"ಸರ್, ನಿನ್ನೆ ನೀವ್ ಕುಂಟಿದ್ದ್ ಎಡಗಾಲಲ್ದಾ?"