ನಾನು ತೋರಿಸಿದ ಪಿಕಳಾರ

ಬೆಂಗಳೂರಿನಿಂದ ಬಂದ ಆ ನಾಲ್ವರು ಕಾರಿನಿಂದ ಇಳಿದು ಮೊದಲು ಕೇಳಿದ್ದು, ಹತ್ತು ಗಂಟೆಯೊಳಗೆ ಮುಗಿಯುತ್ತದೆಯೇ ಎಂದು. ವಾಪಸು ಹೋಗುವಾಗ ಯಾವುದೋ ಹೋಟೆಲಿನಲ್ಲಿ ಇಡ್ಲಿ ಖಾಲಿಯಾಗುವ ಮುಂಚೆ ತಲುಪಬೇಕಿತ್ತಂತೆ. ನಾಲ್ವರೂ ಹಕ್ಕಿಗಳಿಗೆ ಕಾಣಬಾರದೆಂದು ಒಣಹುಲ್ಲಿನ ಬಣ್ಣದ ಬಟ್ಟೆ ತೊಟ್ಟಿದ್ದರು. ಮಾತು ಮಾತ್ರ ಆಚೆ ಗುಡ್ಡಕ್ಕೂ ಕೇಳುತ್ತಿತ್ತು.

ಅದು ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬಿಡಿಸಿಕೊಂಡು ಬೇರೆ ಜಿಲ್ಲೆಯಾದ ವರ್ಷ. ನಾನು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಭಾನುವಾರಗಳಲ್ಲಿ ಸ್ಕಂದಗಿರಿಯ ಆಚೆಗಿನ ಒಂದು ಸಣ್ಣ ಗುಡ್ಡ ಹತ್ತುತ್ತಿದ್ದೆ. ಗುಡ್ಡದ ಹೆಸರು ಬರೆಯುವುದಿಲ್ಲ. ಈಗ ಬರೆದರೂ ನಷ್ಟವೇನಿಲ್ಲ ಎಂಬುದು ಬೇರೆ ಮಾತು. ಅಲ್ಲಿ ಹಳದಿ ಕತ್ತಿನ ಪಿಕಳಾರ ಇತ್ತು. ಬೇರೆ ಪಿಕಳಾರಗಳು ಎಲ್ಲರ ಹಿತ್ತಲಿಗೂ ಬರುತ್ತವೆ. ಇದು ಬಂಡೆಗಳ ನಡುವಿನ ಕುರುಚಲು ಕಾಡು ಬಿಟ್ಟು ಕೆಳಗಿಳಿಯುವುದೇ ಅಪರೂಪ. ಬೂದು ಮೈ, ಅರಿಶಿನ ಮೆತ್ತಿದಂಥ ಕೊರಳು, ಬಲು ನಾಚಿಕೆ.

ನನಗೆ ಅದನ್ನು ತೋರಿಸಿದ್ದು ಅಲ್ಲಿ ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ. ಗುಡ್ಡದ ಪಿಕಳಾರಕ್ಕೆ ಅವಳದು ತೆಲುಗು ಹೆಸರು.

"ಅದು ಕೊಂಡ ಪಿಗಿಲಿ ಮೇಷ್ಟ್ರೇ. ಬಂಡೆ ಸೀಳಲ್ಲಿ ಅತ್ತಿಗಿಡ ಐತಲ್ಲ, ಅದ್ರ ಕೆಳ್ಗಡೆ ಪೊದೇಲಿ ವರ್ಷಾ ವರ್ಷಾ ಗೂಡು ಕಟ್ತದೆ. ಯಾರ್ಗೂ ಹೇಳ್ಬೇಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟೆನೆಂದು ನೆನಪು. ಆಮೇಲೆ ಪತ್ರಿಕೆಯೊಂದಕ್ಕೆ ನಾಲ್ಕು ಸಾಲು ಬರೆದು ಕಳಿಸಿದೆ. ಕಂಡದ್ದನ್ನು ಕಂಡೆ ಎಂದು ಹೇಳದೆ ಇರಲಾರದ ಚಪಲ. ಅದನ್ನು ಓದಿಯೇ ಈ ನಾಲ್ವರು ಬಂದಿದ್ದರು.

ಗುಂಪಿನ ಮುಖಂಡ ದೊಡ್ಡ ಹುದ್ದೆಯಿಂದ ನಿವೃತ್ತನಾದವನು. ಅವನು ನೋಡಿದ ಹಕ್ಕಿಗಳ ಪಟ್ಟಿ ಮುನ್ನೂರು ಮುಟ್ಟಲು ಒಂದು ಕಡಿಮೆಯಿತ್ತು. ಆ ಒಂದನ್ನು ನಾನು ಒದಗಿಸಬೇಕಿತ್ತು. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡನ್ನು ನನ್ನ ಕೈಗಿಟ್ಟು, "ಗೈಡಪ್ಪಾ, ಇದ್ನ ಸ್ವಲ್ಪ ಹಿಡ್ಕೋ" ಎಂದ. ನಾನು ಏನೋ ಅಂದಾಗ ಹಿಂದಿದ್ದವರಿಗೆ, "ನಮ್ ಗೈಡು ಓದಿದೋನು ಕಣ್ರೀ, ಎಂಥಾ ಒಳ್ಳೇ ಕನ್ನಡ!" ಎಂದು ಮೆಚ್ಚಿಕೊಂಡ.

ಸ್ಟ್ಯಾಂಡು ಹೊತ್ತುಕೊಂಡು ನಾನು ಅವರನ್ನು ಗುಡ್ಡ ಹತ್ತಿಸಲಿಲ್ಲ. ರಸ್ತೆ ಪಕ್ಕದ ನೀಲಗಿರಿ ತೋಪಿನ ಅಂಚಿಗೆ, ಲಂಟಾನ ಪೊದೆಗಳ ಹತ್ತಿರ ಕರೆದೊಯ್ದೆ. ಅಲ್ಲಿ ಯಾವಾಗ ಹೋದರೂ ಬಿಳಿ ಹುಬ್ಬಿನ ಪಿಕಳಾರ ಇರುತ್ತದೆ. ಮಂಕು ಬಣ್ಣದ ತೀರಾ ಸಾಮಾನ್ಯ ಹಕ್ಕಿ. ಕೊರಳಲ್ಲಿ ಹಳದಿ ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ.

"ಅಲ್ನೋಡಿ" ಎಂದೆ. "ಪೊದೆ ಬಲಗಡೆ. ಕೊರಳು ನೋಡಿ."

"ಎಲ್ರೀ? ಹಾ, ಸಿಕ್ತು! ಏನ್ ಹಳದಿ ರೀ ಅದು!"

ಜೊತೆಗಿದ್ದ ಹೆಂಗಸೊಬ್ಬರು ಪುಸ್ತಕ ತೆರೆದು, "ಸಾರ್, ಇದಕ್ಕೆ ಬಿಳಿ ಹುಬ್ಬಿದೆ. ಚಿತ್ರದಲ್ಲಿ ಇಲ್ವಲ್ಲ?" ಎಂದರು.

"ಬೆಳಕು ಕಣಮ್ಮ ಅದು" ಎಂದ ಮುಖಂಡ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಎಳೇ ಬಿಸಿಲು ಬಿದ್ರೆ ಹಂಗೇ ಕಾಣೋದು."

ಆಕೆ ಪುಸ್ತಕ ಮುಚ್ಚಿದರು. ನಾಲ್ವರೂ ಕೈ ಕುಲುಕಿದರು. ಇಡ್ಲಿಗೆ ಇನ್ನೂ ಹೊತ್ತಿತ್ತು. ಕಣ್ಣ ಮುಂದೆ ಹಕ್ಕಿ ಕೂತಿದ್ದರೂ ಪಟ್ಟಿಯನ್ನೇ ನೋಡುವ ಜನ ಎಂದುಕೊಂಡು ಅವರನ್ನು ಬೀಳ್ಕೊಟ್ಟು, ಒಬ್ಬನೇ ಗುಡ್ಡ ಹತ್ತಿ ಅಜ್ಜಿಗೆ ಎಲ್ಲ ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು ಎಂದೇ ನಾನು ಬಹಳ ಕಾಲ ನಂಬಿದ್ದೆ. ಆ ದಿನದ ಡೈರಿಯಲ್ಲಿ ಬೇರೆಯೇ ಇದೆ. ಅಜ್ಜಿ ನಗಲಿಲ್ಲ. "ಹಕ್ಕಿ ಇಲ್ಲ ಅಂದಿದ್ರೆ ಹೋಗ್ತಿದ್ರಲ್ಲ. ಬೇರೇದ್ಯಾಕ್ ತೋರಿಸಿದ್ರಿ?" ಎಂದು ಕೇಳಿದ್ದಳು.

ಎರಡು ವರ್ಷದ ನಂತರ ಒಂದು ಭಾನುವಾರ ಗುಡ್ಡ ಹತ್ತಿದರೆ ಮೇಲೆ ಮಚ್ಚಿನ ಸದ್ದು. ಬೆಂಗಳೂರಿನ ಒಂದು ಚಾರಣದ ಕಂಪನಿಯವರು ಅತ್ತಿಗಿಡದ ಕೆಳಗಿನ ಹಾಸುಬಂಡೆಯ ಮೇಲೆ ಡೇರೆ ಹಾಕಲು ಪೊದೆ ಸವರಿಸುತ್ತಿದ್ದರು. ಬಂಡೆಯ ಇನ್ನೊಂದು ತುದಿಯಲ್ಲಿ ಪಿಕಳಾರ ಜೋಡಿ ಕೂಗುತ್ತಾ ಹಾರಾಡುತ್ತಿತ್ತು. ಕೆಲಸ ಮಾಡಿಸುತ್ತಿದ್ದ ಯುವಕನಿಗೆ, ಇಲ್ಲಿ ಅಪರೂಪದ ಹಕ್ಕಿಯ ಗೂಡಿದೆ, ನಿಲ್ಲಿಸಿ ಎಂದೆ.

"ಯಾವ್ದು ಸಾರ್, ಹಳದಿ ಕತ್ತಿಂದಾ? ಚೆಕ್ ಮಾಡೇ ಬಂದಿರೋದು. ನಾವೂ ನೇಚರ್ ಲವರ್ಸೇ." ಬ್ಯಾಗಿನಿಂದ ಒಂದು ಹಾಳೆ ತೆಗೆದ. ಈ ಭಾಗದ ಹಕ್ಕಿಗಳು, ಅವು ಸಿಕ್ಕ ಜಾಗಗಳು. "ಅದು ಇರೋದು ರೋಡ್ ಸೈಡು, ನೀಲಗಿರಿ ತೋಪಲ್ಲಿ. ಅಲ್ಲಿ ನಾವು ಒಂದು ಕಡ್ಡೀನೂ ಮುಟ್ಟಿಲ್ಲ."

ತೋರಿಸಿದವರು ಎಂಬಲ್ಲಿ ನನ್ನ ಹೆಸರು ಅಚ್ಚಾಗಿತ್ತು.

ಅಲ್ಲಿ ತೋರಿಸಿದ್ದು ಸುಳ್ಳು, ಬೇಕೆಂದೇ ತೋರಿಸಿದೆ ಎಂದೆ. ಇಷ್ಟನ್ನು ಹೇಳಿದ್ದು ನಿಜ, ಡೈರಿಯಲ್ಲೂ ಇದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಹಾಳೆಯ ಪಟ್ಟಿ ಮಾಡಿಕೊಟ್ಟಿದ್ದ ಅಂದಿನ ಗುಂಪಿನ ಮುಖಂಡನಿಗೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

"ಮೇಷ್ಟ್ರೇ, ನಿಮ್ಗೆ ಮರ್ತೋಗಿದೆ" ಎಂದಿತು ಆ ಕಡೆಯ ಧ್ವನಿ, ಕಾಯಿಲೆಯವರೊಡನೆ ಮಾತಾಡುವ ಹಾಗೆ. "ಅದು ನನ್ ಮುನ್ನೂರನೇ ಹಕ್ಕಿ. ಫೋಟೋ ಹಾಲ್‌ನಲ್ಲಿ ಹಾಕಿದೀನಿ. ದಿನಾ ನೋಡ್ತೀನಿ."

"ಹುಬ್ಬು ನೋಡಿ ಸಾರ್, ಬಿಳಿ ಇರತ್ತೆ."

"ಬೆಳಕು ಅಂತ ಆವತ್ತೇ ಹೇಳಿದ್ನಲ್ಲ."

ಯುವಕ ಫೋನು ಇಸಿದುಕೊಂಡ. ಮಚ್ಚು ಮತ್ತೆ ಶುರುವಾಯಿತು. ನಾನು ಪೊದೆಗೆ ಅಡ್ಡ ನಿಂತೆನೆಂದು ಒಂದು ಚಿತ್ರ ನನ್ನ ತಲೆಯಲ್ಲಿದೆ. ಅದನ್ನು ನಾನೀಗ ನಂಬುವುದಿಲ್ಲ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳಿದ್ದೇನೆಂದು ಡೈರಿ ಹೇಳುತ್ತದೆ. ಅಡ್ಡ ನಿಂತವನಿಗೆ ಆ ಬಸ್ಸು ಸಿಗುತ್ತಿರಲಿಲ್ಲ.

ಮನೆಗೆ ಬಂದು ಎರಡು ವರ್ಷದ ಹಿಂದಿನ ಆ ಭಾನುವಾರವನ್ನು ತೆಗೆದು ನೋಡಿದೆ. ಗೂಡು ಉಳಿಸುವುದಕ್ಕಾಗಿ ಸುಳ್ಳು ಹೇಳಿದೆ ಎಂಬುದೊಂದೇ ನನಗೆ ಉಳಿದಿದ್ದ ಸಮಾಧಾನ. ಪುಟದಲ್ಲಿ ಇದ್ದದ್ದು ಇಷ್ಟು: "ಗೈಡಪ್ಪ ಎಂದ. ಸ್ಟ್ಯಾಂಡು ಹೊರಿಸಿದ. ಬಿಳಿ ಹುಬ್ಬು ತೋರಿಸಿ ಸಾಗಹಾಕಿದೆ. ಬೆಪ್ಪುಗಳು. ಒಳ್ಳೆಯ ದಿನ." ಕೆಳಗೆ ಅಜ್ಜಿಯ ಪ್ರಶ್ನೆ. ಗೂಡಿನ ಮಾತು ಎಲ್ಲೂ ಇಲ್ಲ. ಆವತ್ತೇ ಅವನು ನನ್ನನ್ನು ಮೇಷ್ಟ್ರೇ ಎಂದು ಕರೆದು ತನ್ನ ಸ್ಟ್ಯಾಂಡನ್ನು ತಾನೇ ಹೊತ್ತಿದ್ದರೆ, ಪ್ರಾಯಶಃ ನೇರವಾಗಿ ಅತ್ತಿಗಿಡದ ಬುಡಕ್ಕೇ ಕರೆದೊಯ್ಯುತ್ತಿದ್ದೆ. ಅವನಿಗೆ ಮುನ್ನೂರು ಬೇಕಿತ್ತು, ನನಗೆ ಮರ್ಯಾದೆ ಬೇಕಿತ್ತು. ಇಬ್ಬರಲ್ಲಿ ಯಾರು ಹೆಚ್ಚು ಬೆಪ್ಪು ಎಂದು ಆ ಪುಟದ ಅಂಚಿನಲ್ಲಿ ಬರೆಯಲು ಹೋಗಿ ಬಿಟ್ಟೆ.

ಮುಂದಿನ ಭಾನುವಾರ ಮೇಲೆ ಹೋದೆ. ಹಾಸುಬಂಡೆ ಅಂಗಳದ ಹಾಗೆ ಬೋಳಾಗಿತ್ತು. ಕಡಿದು ಬಿಸಾಡಿದ ಅತ್ತಿಕೊಂಬೆಗಳ ಎಲೆಯನ್ನು ಅಜ್ಜಿಯ ಮೇಕೆಗಳು ತಿನ್ನುತ್ತಿದ್ದವು.

"ಎರ್ಡು ದಿನ ಕೂಗ್ಕೊಂಡು ಸುತ್ತಿದ್ವು" ಎಂದಳು ಅಜ್ಜಿ. "ಆಮೇಲೆ ಹೊಂಟೋದ್ವು."

"ಯಾವ ಕಡೆ ಹೋದ್ವಮ್ಮ?"

ಅವಳು ಒಂದು ಮೇಕೆಯ ಕಿವಿಗೆ ಸಿಕ್ಕಿದ್ದ ಮುಳ್ಳನ್ನು ಬಿಡಿಸುತ್ತಾ, ತಲೆ ಎತ್ತದೆಯೇ ಹೇಳಿದಳು: "ನಿಮ್ಗ್ಯಾಕ್ ಹೇಳ್ಲಿ?"