ಮಾವನೆದುರು ಚಾಚಿದ ಪಾದ

ಕಟ್ಟೆಯ ಮೇಲೆ ಕೂತು ಪಾಲಾಕ್ಷಪ್ಪ ಕ್ಯಾಕರಿಸಿದನೆಂದರೆ ಆ ಓಣಿಗೆ ಬೆಳಗಾಯಿತು. ಬದುಕಿನಲ್ಲಿ ಆತ ಮನಸಾರೆ ಮಾಡಿದ ಕೆಲಸ ಅದೊಂದೇ ಎಂಬುದು ಸೊಸೆ ಅಂಜಿನಕ್ಕನ ಎಣಿಕೆ.

ಅಂಜಿನಕ್ಕ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಜಾರಿಬಿದ್ದು ಬಲಪಾದದ ಕೀಲು ಮುರಿದು ಮಲಗಿದಾಗ, ಪಾಲಾಕ್ಷಪ್ಪ ಆ ಒಲೆಯ ಮುಂದೆ ತನ್ನ ಮಗಳು ಮಂಜಮ್ಮನನ್ನು ನಿಲ್ಲಿಸಿದ. ಮಂಜಮ್ಮನ ಅನ್ನ ಮೇಲೆ ಗಂಜಿಯಾಗುತ್ತಿತ್ತು, ತಳದಲ್ಲಿ ಸೀಯುತ್ತಿತ್ತು. ಅಪ್ಪನ ಕಣ್ಣಿಗೆ ಅದು ಮಲ್ಲಿಗೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಹೆಡ್‌ಮಾಸ್ತರು, “ಪಾದ ಸರಿ ಆಡ್ತೈತಿ ಅಂತ ದವಾಖಾನ್ಯಾಗ ಹೇಳ್ಲಿ, ಕೆಲಸಕ್ಕೆ ಬಾರವ್ವ” ಎಂದರು. ಅದನ್ನು ಕೇಳಿದ್ದೇ ಮಾವ ಭಾರಿ ಕಾಳಜಿಯವನಂತೆ ಆಕೆಯ ಜೊತೆ ಕೂಡ್ಲಿಗಿ ಬಸ್ಸು ಹತ್ತಿದ.

ಅಲ್ಲಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಕ್ರಾಂತಿ ಆಕೆಯನ್ನು ಮಂಚದ ಮೇಲೆ ಕಾಲು ಚಾಚಿಸಿ ಕೂರಿಸಿದಳು. ಪಾಲಾಕ್ಷಪ್ಪ ಕುರ್ಚಿಯನ್ನು ಸರಿಯಾಗಿ ಪಾದಗಳ ಎದುರಿಗೇ ಎಳೆದುಕೊಂಡ.

“ನಾ ಮುಟ್ಟಂಗಿಲ್ಲಕ್ಕ, ನಿಮ್ಮ ಬಲದಾಗ ನೀವ ಆಡಿಸ್ಬೇಕು. ಪಾದ ಮ್ಯಾಲೆತ್ರಿ, ಆಮ್ಯಾಲೆ ಕೆಳಗ ಚಾಚ್ರಿ.”

ಪಾದ ಕದಲಲಿಲ್ಲ. ಮಾವನೆದುರು ಕಾಲು ನೀಡುವುದೇ ಆ ಮನೆಯಲ್ಲಿ ತಪ್ಪು. ಅಂಗಾಲು ತೋರಿಸಿ ಆಡಿಸುವುದೆಂದರೆ! ಬೆರಳುಗಳು ಸೀರೆಯಂಚಿನೊಳಗೆ ಅಡಗಿದವು.

“ಹೋಗ್ಲಿ, ಎಡಗಾಲು ಚಲೋ ಐತೆಲ್ಲ, ಅದನ್ನರ ಆಡಿಸ್ರಿ.”

ಅದೂ ಕದಲಲಿಲ್ಲ.

“ಎರಡೂ ಸತ್ತಾವು ಬಿಡವ್ವ,” ಎಂದ ಪಾಲಾಕ್ಷಪ್ಪ, ಸಾವಿನ ಮನೆಗೆ ಬಂದವನ ದನಿಯಲ್ಲಿ. “ನಮ್ಮ ಮಂಜಿ ಹೆಂಗೂ ಅದಾಳ.”

“ಹಿಂಗಾದ್ರ ಕೆಲಸಕ್ಕೆ ಕರ್ಕಳ್ರಿ ಅಂತ ನಾ ಹೆಂಗ್ ಹೇಳ್ಲಿ, ಅಕ್ಕಾ?” ಎಂದಳು ಕ್ರಾಂತಿ.

ಅಂಜಿನಕ್ಕ ಮಾವನನ್ನು ನೋಡಿದಳು. ಮೀಸೆಯಡಿ ನಗು ಆಗಲೇ ಹರಿದಾಡುತ್ತಿತ್ತು. ಇಷ್ಟು ಸಣ್ಣ ಮನುಷ್ಯನಿಗಾಗಿ ಇಷ್ಟು ವರ್ಷ ಕಾಲು ಮಡಚಿಕೊಂಡೆನಲ್ಲ ಎಂದು ಆಕೆಗೆ ಹೇಸಿಕೆಯಾಯಿತು. ಸೀರೆಯಂಚು ಸರಿಸಿದಳು. ಬಲಪಾದ ಮೇಲಕ್ಕೆ ಬಾಗಿತು. ಅಂಗಾಲು ಪೂರ್ತಿ ಆತನ ಮೂಗಿನೆದುರು ನಿಂತಿತು. ನಿಧಾನ ಕೆಳಕ್ಕೆ ಚಾಚಿತು, ಒಳಕ್ಕೆ ತಿರುಗಿತು, ಹೊರಕ್ಕೆ ತಿರುಗಿತು. ಹೊರಕ್ಕೆ ತಿರುಗುವಾಗ ನೋವಾಯಿತು. ಅದನ್ನು ಮುಖದಲ್ಲಿ ತೋರಿಸಿ ಆತನಿಗೆ ಸಂತೋಷ ಕೊಡಲು ಆಕೆ ತಯಾರಿರಲಿಲ್ಲ.

“ಏಯ್, ಹಿರೇರು ಕುಂತೀನಿ, ಕಾಣವಲ್ದೇನು!”

“ಕಾಣ್ತೈತಿ ಮಾವಾ. ಸತ್ತಿದ್ದು ಎದ್ದೈತಿ, ಇನ್ನೊಂದು ಸಲ ತೋರಿಸ್ಲೇನು?”

ಕ್ರಾಂತಿ ನಗು ತಡೆದುಕೊಂಡಳು. “ಚಲೋ ಆಡ್ತೈತಿ. ಹೆಡ್‌ಮಾಸ್ತರಿಗೆ ನಾನ ಫೋನ್ ಮಾಡಿ ಹೇಳ್ತೀನಿ. ಇಳಿದು ನಡೀರಿ, ನೋಡಾಣ.”

ಅಂಜಿನಕ್ಕ ಇಳಿದು ನಡೆದಳು, ನಿಲ್ಲಲಿಲ್ಲ. “ಮಂಜಿಗೆ ಏನು ಹೇಳ್ಲಬೇ?” ಎಂದು ಹಿಂದಿನಿಂದ ಕೂಗಿದ ಪಾಲಾಕ್ಷಪ್ಪ.

“ನಾಳಿಂದ ಒಲಿ ನಂದು ಅಂತ ಹೇಳ್ರಿ,” ಆಕೆ ಬಾಗಿಲು ದಾಟಿದ್ದಳು, “ಆಕಿ ತಳ ಸೀಸಿಟ್ಟ ಪಾತ್ರಿ ಮಾತ್ರ ನೀವ ಬಂದು ಕುಂತು, ಚಂದಗೆ ತಿಕ್ಕಿ ಕೊಡ್ರಿ.”